ಅಪ್ಪನ ಕಿವಿ, ನನ್ನ ಸ್ಪೀಕರ್ರು

ಅಮ್ಮಾ,

ನಾನು ಚೆನ್ನಾಗಿದೀನಿ, ನ್ಯೂರೆಂಬರ್ಗಲ್ಲಿ ಚಳಿ ಶುರುವಾಗಿದೆ, ಸ್ವೆಟರ್ ಹಾಕ್ಕೊಂಡೇ ಬರೀತಿದೀನಿ. ಪುಟ್ಟಿ ಫೋಟೋ ಬಂತು ಅಂತ ಅಕ್ಕಂಗೆ ಹೇಳು.

ಮೊದಲು ದುಡ್ಡಿನ ವಿಷಯ ಮುಗಿಸಿಬಿಡ್ತೀನಿ. ನಾನೇನೋ ಲಕ್ಷ ರೂಪಾಯಿ ಸೌಂಡ್ ಸಿಸ್ಟಮ್ ತಗೊಂಡೆ ಅಂತ ಭಾವ ಅಂದ್ರಂತೆ, ಶುದ್ಧ ಸುಳ್ಳು. ಹಳೇ ಯಮಹಾ ಆಂಪ್ಲಿಫೈಯರ್ 60 ಯೂರೋ, ಶೆಲ್ಫಲ್ಲಿ ಇಡೋ ಸೈಜಿನ ಜೋಡಿ ಸ್ಪೀಕರ್ 80, ವೈರು 10, ಎಲ್ಲಾ ಸೇರಿ ನಮ್ಮ ಹದಿನೈದು ಸಾವಿರದ ಆಸುಪಾಸು. ಸೆಕೆಂಡ್ ಹ್ಯಾಂಡು. ಮಾರಿದ ಮುದುಕರು ಮ್ಯಾನುಯಲ್ಲು, ಅಂಗಡಿ ಬಿಲ್ಲು ಎಲ್ಲಾ ಒಂದು ಪ್ಲಾಸ್ಟಿಕ್ ಕವರಲ್ಲಿ ಹಾಕಿ ಕೊಟ್ರು, ಥೇಟ್ ಅಪ್ಪನೇ. ನನ್ನ ಮನೆ ಅಡುಗೆಮನೆ ಸೇರಿ 36 ಚದರ ಮೀಟರ್, ಅದಕ್ಕೆ ದೊಡ್ಡ ಸೆಟ್ಟು ತಂದು ಏನು ಮಾಡ್ಲಿ? ದಪ್ಪ ದನಿಗೇ ಅಂತ ಇರೋ ಸಬ್‌ವೂಫರ್ ಅಂತೂ ಬೇಡವೇ ಬೇಡ ಅಂದೆ, ದಮ್ ದಮ್ ಅನ್ನೋ ಶಬ್ದ ಗೋಡೆ ದಾಟಿ ಕೆಳಗಿನ ಮನೆ ಅಜ್ಜಿಗೆ ಹೋಗತ್ತೆ. ಇಲ್ಲಿ ಜರ್ಮನೀಲಿ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಗಲಾಟೆ ಮಾಡಂಗಿಲ್ಲ, ಭಾನುವಾರ ಗೋಡೆಗೆ ಡ್ರಿಲ್ ಹಾಕಂಗಿಲ್ಲ, ಖಾಲಿ ಬಾಟಲಿ ತಗೊಂಡು ಹೋಗಿ ಡಬ್ಬಕ್ಕೆ ಹಾಕೋದೂ ತಪ್ಪು ಅಂತಾರೆ, ಟಣ್ ಅನ್ನತ್ತಲ್ಲ! ನಗಬೇಡ, ನಮ್ಮ ಬೀದಿ ಗಣಪತಿ ಮೈಕ್ ನೆನೆಸ್ಕೊಂಡ್ರೆ ಇದೇ ವಾಸಿ ಅನ್ಸತ್ತೆ.

ಸ್ಪೀಕರ್ ಮೂಲೆಗೆ ತಳ್ಳಬಾರದು, ಗೋಡೆಯಿಂದ ಒಂದಡಿ ಮುಂದೆ ಇಡ್ಬೇಕು, ತೆಳು ಏರುದನಿ ಹೊರಡಿಸೋ ಸಣ್ಣ ಕೋನು ಕಿವಿ ಮಟ್ಟಕ್ಕಿರಬೇಕು, ಇಷ್ಟೆಲ್ಲ ಕಲಿತವನು ಮೂರು ದಿನ ಒಂದು ಸ್ಪೀಕರ್‌ಗೆ ಕೆಂಪು ಕಪ್ಪು ವೈರು ಅದಲುಬದಲು ಹಾಕಿಟ್ಟಿದ್ದೆ. ಮೃದಂಗದ ಎಡಭಾಗದ ದಪ್ಪ ದನಿಯೇ ಮಾಯ! ಸಾಮಾನು ಹಾಳು, ಮುದುಕ ಮೋಸ ಮಾಡಿದ ಅಂತ ಬೈಕೊಂಡೆ, ಪಾಪ.

ಈಗ ಅಪ್ಪನ ವಿಷಯ. ಟಿವಿ ವಾಲ್ಯೂಮ್ 60ಕ್ಕೆ ಹೋಗಿದೆ, ಟಿವಿನೇ ಸರಿ ಇಲ್ಲ, ಮಗನ ಥರದ್ದೇ ಸ್ಪೀಕರ್ ಬೇಕು ಅಂತಿದಾರೆ ಅಂತ ಬರ್ದಿದೀಯ. ತೆಳು ಟಿವಿಗಳ ಸ್ಪೀಕರ್ ಕೆಳಕ್ಕೋ ಹಿಂದಕ್ಕೋ ಮುಖ ಮಾಡಿರತ್ತೆ, ಮಾತು ಸ್ಪಷ್ಟ ಕೇಳಲ್ಲ, ಅದು ನಿಜವೇ. ಆದ್ರೆ ಭಾನುವಾರ ವಿಡಿಯೋ ಕಾಲಲ್ಲಿ ಊಟ ಆಯ್ತಾ ಅಂತ ಕೇಳಿದ್ದಕ್ಕೆ "ಇಲ್ಲ, ಮಳೆ ಬಂದಿಲ್ಲ" ಅಂದ್ರಲ್ಲ, ಆಮೇಲೆ ನಿನ್ನ ಮುಖ ನೋಡಿ ನಕ್ಕರಲ್ಲ, ಅದು ನನಗೆ ಇನ್ನೂ ತಲೇಲಿದೆ. ನನ್ನ ಸ್ಪೀಕರಿನ ಸಣ್ಣ ಕೋನಿಗೆ ಕೈ ಅಡ್ಡ ಹಿಡಿದು ನೋಡ್ದೆ ಅಮ್ಮಾ, ದನಿ ಕೇಳತ್ತೆ, ಸ, ಶ ಥರದ ಅಕ್ಷರ ಮಂಕಾಗತ್ತೆ. ವಯಸ್ಸಾದಾಗ ಕಿವಿಯಲ್ಲಿ ಮೊದಲು ಹೋಗೋದು ಆ ತೆಳು ಏರುದನಿಗಳೇ. ಎಷ್ಟು ಜೋರು ಮಾಡಿದ್ರೂ ಗದ್ದಲ ಜಾಸ್ತಿ ಆಗತ್ತೆ, ಮಾತು ತಿಳಿಯಲ್ಲ. 1935ರಲ್ಲಿ ಕಾಲೇಜು ಮೇಷ್ಟ್ರು ಗೋಪಾಲಸ್ವಾಮಿಯವರು ನಮ್ಮ ಮೈಸೂರಲ್ಲಿ ಆಕಾಶವಾಣಿ ಅನ್ನೋ ರೇಡಿಯೋ ಶುರು ಮಾಡಿದ್ದನ್ನ ಅಪ್ಪ ನನಗೆ ನೂರು ಸಲ ಹೇಳಿದವರು, ಬೆಳಿಗ್ಗೆ ವಾರ್ತೆ ತಪ್ಪಿಸದವರು, ಈಗ ರೇಡಿಯೋನೇ ಹಾಕ್ತಿಲ್ಲ ಅಂತೀಯಲ್ಲ, ಅದನ್ನ ಮೊದಲೇ ಯಾಕೆ ಹೇಳ್ಲಿಲ್ಲ?

ಮಾನಸಗಂಗೋತ್ರಿಯಲ್ಲಿ ಕಿವಿ, ಮಾತಿನ ತೊಂದರೆ ನೋಡೋ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆ ಇದೆ, ದೇಶದ ಎಲ್ಲೆಲ್ಲಿಂದಲೋ ಅಲ್ಲಿಗೆ ಬರ್ತಾರೆ, ನಮಗೆ ಆಟೋ ದೂರ. ಹೆಡ್‌ಫೋನ್ ಹಾಕಿ ಕೂರಿಸ್ತಾರೆ, ಬೀಪ್ ಕೇಳಿದಾಗ ಬಟನ್ ಒತ್ತಬೇಕು ಅಷ್ಟೆ, ಸೂಜಿ ಇಲ್ಲ ನೋವಿಲ್ಲ. ಬರೀ ಗುಗ್ಗೆ ಕಟ್ಟಿರಲೂಬಹುದು, ಅದನ್ನೂ ನೋಡ್ತಾರೆ. ಅಲ್ಲೀವರೆಗೆ ಕಿವಿಗೆ ಕೊಬ್ಬರಿ ಎಣ್ಣೆನೂ ಬಿಡ್ಬೇಡಿ, ಬೆಂಕಿಕಡ್ಡಿನೂ ಹಾಕ್ಬೇಡಿ, ದಮ್ಮಯ್ಯ. ಕಿವಿಗೆ ಮಿಷನ್ ಹಾಕ್ಕೊಂಡ್ರೆ ಜನ ಕಿವುಡ ಅಂತಾರೆ ಅಂತ ಅಪ್ಪ ಅಂದ್ರೆ, ಕನ್ನಡಕಕ್ಕೆ ಯಾರಾದ್ರೂ ಕುರುಡ ಅಂದ್ರಾ ಅಂತ ಕೇಳು. ಖರ್ಚು ನಂದು. ನನ್ನ ಹತ್ರ ದುಡ್ಡಿದೆ, ನಿಜವಾಗ್ಲೂ ಇದೆ, ಹೊಟ್ಟೆ ತುಂಬ ತಿಂತಿದೀನಿ, ಸೇವಿಂಗ್ಸೂ ಆಗ್ತಿದೆ, ಚಿಂತೆ ಬೇಡ. ಟೆಸ್ಟ್ ಆದ್ಮೇಲೆ ಅಪ್ಪನ ಟಿವಿಗೆ ಒಂದು ಸೌಂಡ್‌ಬಾರ್, ಅಂದ್ರೆ ಟಿವಿ ಮುಂದೆ ಇಡೋ ಉದ್ದನೇ ಸ್ಪೀಕರ್, ನಾನೇ ಕೊಡಿಸ್ತೀನಿ, ಈ ಆಸೆ ತೋರಿಸಿಯಾದ್ರೂ ಕರ್ಕೊಂಡು ಹೋಗು.

ಟ್ರಾಮ್ ಬರೋ ಹೊತ್ತಾಯ್ತು. ಸೋಮವಾರ ಬೆಳಿಗ್ಗೇನೇ ಹೋಗಿ, ಭಾವನ್ನ ಕಾಯ್ಬೇಡ, ಹಳೇ ಬಿಪಿ ಚೀಟಿ ತಗೊಂಡು ಹೋಗಿ. ಏನಂದ್ರು ಅಂತ ವಾಯ್ಸ್ ಮೆಸೇಜ್ ಹಾಕು.

ನಿನ್ನ ಮಗ