ಉದ್ಯಾನದ ನೆಲ ತಗ್ಗಿಸಿ, ನಮ್ಮ ಬೀದಿಗೂ ಗೇಟು ಇಡಿಸಿ: ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಬೆಂಗಳೂರಿನ ಕೋರಮಂಗಲ ಕಣಿವೆಯ ರಾಜಕಾಲುವೆ, ಅಂದರೆ ಮಳೆನೀರಿನ ದೊಡ್ಡ ಕಾಲುವೆಯ ದಂಡೆಯಲ್ಲಿ ನಿಮ್ಮ ಅನುದಾನದಿಂದ ಆಗಿರುವ ಉದ್ಯಾನಕ್ಕೆ ಎರಡನೇ ಹಂತದ ಕೆಲಸ ಶುರುವಾಗಲಿದೆ ಎಂದು ಫಲಕ ಹಾಕಿದ್ದಾರೆ. ಕಾರಂಜಿ, ಬಣ್ಣದ ದೀಪ, ನಮ್ಮ ಬೀದಿಯ ಕಡೆಗೆ ಇನ್ನಷ್ಟು ಎತ್ತರದ ಗೋಡೆ. ಆ ಗೋಡೆ ಏಳುವ ಮೊದಲು ನೀವು ಈ ಪತ್ರ ಓದಬೇಕು. ನಾವು ಕೇಳುತ್ತಿರುವುದು ಎರಡೇ: ಉದ್ಯಾನದ ನೆಲ ತಗ್ಗಿಸಿ, ನಮ್ಮ ಬೀದಿಗೂ ಒಂದು ಗೇಟು ಇಡಿಸಿ.

ಮೊದಲು ಅದು ತಗ್ಗಾದ ಬಯಲು. ಕಾಲುವೆ ತುಂಬಿದರೆ ನೀರು ಅಲ್ಲಿ ಹರಡಿ, ಮಳೆ ನಿಂತ ಮೇಲೆ ತಾನಾಗಿ ಇಳಿಯುತ್ತಿತ್ತು. ಉದ್ಯಾನ ಮಾಡುವಾಗ ಒಡೆದ ಕಟ್ಟಡಗಳ ಅವಶೇಷ ತಂದು ಸುರಿದು ಎದೆಮಟ್ಟ ಎತ್ತರಿಸಿದರು. ಮೇಲೆ ಕೆಂಪು ಮಣ್ಣು, ಹುಲ್ಲುಹಾಸು, ಸುತ್ತ ಕಾಂಪೌಂಡು. ಹರಡಲು ಜಾಗವಿಲ್ಲದ ನೀರು ಈಗ ನಮ್ಮ ಮನೆಗಳಿಗೆ ನುಗ್ಗುತ್ತದೆ.

ಹೋದ ಮಳೆಗಾಲದಲ್ಲಿ ನಡೆದದ್ದನ್ನು ಹೇಳಲೇಬೇಕು. ರಾತ್ರಿ ನೀರು ಹೊಸ್ತಿಲು ದಾಟಿದಾಗ ಮಗುವನ್ನು ಅಟ್ಟಕ್ಕೆ ಏರಿಸುವಷ್ಟು ಮಾತ್ರ ಸಮಯವಿತ್ತು. ನನ್ನ ಹೊಲಿಗೆ ಯಂತ್ರದ ಮೋಟಾರು ಹಾಳಾಯಿತು. ಗಿರಾಕಿಗಳು ಮದುವೆಗೆಂದು ಕೊಟ್ಟಿದ್ದ ರೇಷ್ಮೆ ರವಿಕೆ ಬಟ್ಟೆಗಳು ಕೊಳಚೆಯಲ್ಲಿ ನೆನೆದವು, ಎಷ್ಟು ತೊಳೆದರೂ ಕಲೆ ಹೋಗಲಿಲ್ಲ. ಆ ಬಟ್ಟೆಗಳ ದುಡ್ಡನ್ನು ಕಂತಿನಲ್ಲಿ ನಾನೇ ತೀರಿಸಿದೆ. ಬೆಳಗ್ಗೆ ಬಿಸಿಲು ಬಂದಾಗ ನಾವು ಕೆಲವು ಹೆಂಗಸರು ಸುತ್ತು ಹಾಕಿ ಅಪಾರ್ಟ್‌ಮೆಂಟ್ ರಸ್ತೆಯ ಗೇಟಿನಿಂದ ಒಳಗೆ ಹೋಗಿ, ಕೌದಿಗಳನ್ನೂ ಮಕ್ಕಳ ಶಾಲೆಯ ಪುಸ್ತಕಗಳನ್ನೂ ಬೆಂಚುಗಳ ಮೇಲೆ ಒಣಹಾಕಿದೆವು. ಕಾವಲಿನವನು ಬಂದು ಪುಸ್ತಕಗಳನ್ನು ಕಾಲಿನಿಂದ ಸರಿಸಿ, “ಪಾರ್ಕ್ ಗಲೀಜು ಮಾಡಬೇಡಿ, ಎತ್ತಿಕೊಂಡು ಹೋಗಿ” ಎಂದ. ಅವನನ್ನು ದೂರಿ ಫಲವಿಲ್ಲ, ಅವನಿಗೆ ಹಾಗೆಂದೇ ಹೇಳಿಟ್ಟಿದ್ದರು. ಆದರೆ ಹಾಗೆ ಹೇಳಿಟ್ಟವರು ಯಾರು? ಉದ್ಯಾನಕ್ಕೆ ಬರಬೇಕಿದ್ದ ನೀರನ್ನು ಕುಡಿದ ಮನೆಗಳ ಪುಸ್ತಕಗಳು ಅವು, ಸ್ವಾಮಿ.

ಕಾಲುವೆಯ ದರ್ಜೆಗೆ ತಕ್ಕಂತೆ ಅದರ ಮಧ್ಯದಿಂದ 50, 25 ಅಥವಾ 15 ಮೀಟರ್ ಬಫರ್, ಅಂದರೆ ಏನೂ ಕಟ್ಟದೆ ಬಿಡಬೇಕಾದ ಜಾಗ, ಎಂಬ ನಿಯಮ ನಿಮಗೆ ಗೊತ್ತಿರುವುದೇ. 2019ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರವೂ ಅದೇ ಉಳಿಯಿತು. ಸರ್ವೆಯವರು ಬಂದಾಗ ಅಳತೆಯ ಟೇಪು ನಮ್ಮ ತಗಡಿನ ಮನೆಗಳನ್ನು ತಪ್ಪದೆ ಮುಟ್ಟುತ್ತದೆ. ಅದೇ ಬಫರ್‌ನಲ್ಲಿ ಲಾರಿಗಟ್ಟಲೆ ಅವಶೇಷ ಸುರಿದವರನ್ನು ಯಾರೂ ಕೇಳಲಿಲ್ಲ.

2022ರ ಸೆಪ್ಟೆಂಬರ್‌ನಲ್ಲಿ 24 ಗಂಟೆಗಳಲ್ಲಿ 130 ಮಿಲಿಮೀಟರಿಗೂ ಹೆಚ್ಚು ಮಳೆಯಾದಾಗ, ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೊರಟ ಐಟಿ ಉದ್ಯೋಗಿಗಳನ್ನು ದೇಶವೇ ಟಿವಿಯಲ್ಲಿ ನೋಡಿತು. ಅವರ ಕಷ್ಟವೂ ಕಷ್ಟವೇ. ನಮ್ಮ ಬೀದಿಗೆ ಟ್ರ್ಯಾಕ್ಟರ್ ಬರಲಿಲ್ಲ, ಕ್ಯಾಮೆರಾವೂ ಬರಲಿಲ್ಲ. ಅಂಥ ಮಳೆ ಮತ್ತೆ ಬಂದೇ ಬರುತ್ತದೆ. ಎರಡೂ ಬದಿ ಕಾಂಕ್ರೀಟು ಕಟ್ಟಿದ ಕಾಲುವೆಯಲ್ಲಿ ನೀರು ಇಂಗುವುದಿಲ್ಲ, ರಭಸ ಮಾತ್ರ ಹೆಚ್ಚುತ್ತದೆ. ಆ ರಭಸಕ್ಕೆ ಎಲ್ಲಾದರೂ ತಂಗಲು ಜಾಗ ಬೇಕು. ಆ ಜಾಗ ಉದ್ಯಾನವೇ ಆಗಬೇಕು, ನಮ್ಮ ಅಡುಗೆಮನೆ ಅಲ್ಲ. ಅವಶೇಷ ತೆಗೆಸಿ ನೆಲ ತಗ್ಗಿಸಿ. ದಂಡೆಗೆ ಗೋಡೆಯ ಬದಲು ಇಳಿಜಾರು ಮಾಡಿ ಲಾವಂಚ ನೆಡಿಸಿ, ಹೊಳೆಮತ್ತಿ, ನೇರಳೆ, ಹೊಂಗೆ ಬೆಳೆಸಿ. ವರ್ಷದಲ್ಲಿ ಕೆಲವು ದಿನ ಬೆಂಚು ಮುಳುಗಿದರೆ ಯಾರ ಮನೆಯೂ ಹಾಳಾಗುವುದಿಲ್ಲ. ಇದರ ಜೊತೆಗೆ, ಮೇಲಿನಿಂದ ಕಾಲುವೆಗೆ ಬಿಡುತ್ತಿರುವ ಒಳಚರಂಡಿ ನೀರನ್ನೂ ತಡೆಯಬೇಕು.

ಗೇಟಿನ ವಿಷಯ. ಏಪ್ರಿಲ್ ಮಧ್ಯಾಹ್ನ ತಗಡಿನ ಕೆಳಗೆ ವಯಸ್ಸಾದವರು ಕೂರಲಾಗುವುದಿಲ್ಲ. ಸುತ್ತಮುತ್ತ ನೆರಳಿರುವುದು ಆ ಉದ್ಯಾನದಲ್ಲಿ ಮಾತ್ರ, ಮಧ್ಯಾಹ್ನ ಅದಕ್ಕೆ ಬೀಗ. ಪಾಲಿಕೆಯ ಉದ್ಯಾನಗಳು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿರುತ್ತವೆ ಎಂದು 2024ರಲ್ಲಿ ಸರ್ಕಾರವೇ ಪ್ರಕಟಿಸಿತ್ತಲ್ಲವೇ? ಉದ್ಯಾನ ಹೇಗಿರಬೇಕೆಂದು ತೀರ್ಮಾನಿಸಿದ ಸಭೆ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ನಡೆಯಿತು. ಅಲ್ಲಿ ಮನೆಗೆಲಸಕ್ಕೆ ಹೋಗುವ ನಮ್ಮ ಬೀದಿಯ ಹೆಂಗಸರಿಗೆ ಅದು ತಿಳಿದದ್ದು ಸಭೆ ಮುಗಿದು ಕಾಫಿ ಲೋಟ ತೊಳೆಯುವಾಗ.

ಮತ ಕೇಳಲು ಬಂದಾಗ ನೀವು ನಮ್ಮ ಬೀದಿಯ ಕೊನೆಯ ಮನೆಯವರೆಗೂ ನಡೆದಿದ್ದೀರಿ. ಈಗ ಎರಡನೇ ಹಂತದ ನಕ್ಷೆ ಹಿಡಿದು, ಎಂಜಿನಿಯರನ್ನು ಜೊತೆಗೆ ಕರೆದುಕೊಂಡು ಮತ್ತೆ ಬನ್ನಿ. ಸಭೆಯನ್ನು ನಮ್ಮ ಬೀದಿಯಲ್ಲೇ, ಕೆಲಸದವರು ಮನೆಗೆ ಮರಳಿದ ಮೇಲೆ ಸಂಜೆ ಕರೆಯಿರಿ. ಅಲ್ಲಿಯವರೆಗೆ ಗೋಡೆಯ ಕೆಲಸ ನಿಲ್ಲಿಸಿ. ನೆಲ ತಗ್ಗಿಸಿ, ಗೇಟು ಇಡಿಸಿ. ಮುಂದಿನ ಮಳೆಗಾಲಕ್ಕೆ ಮೊದಲು ಎರಡೂ ಆಗಬೇಕು.

ಇಂತಿ,
ರಾಜಕಾಲುವೆ ದಂಡೆಯ ಕೆಳಗಿನ ಬೀದಿಯ ನಿವಾಸಿ