ಕತೆ ಚಪ್ಪಲಿಯಾದದ್ದು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಹಳೆಯ ಕತೆಯೊಂದನ್ನು ಹೊಸದಾಗಿ ಬರೆಯಬೇಕು, ಎಲ್ಲಿಂದ ಹಿಡಿಯಲಿ ಎಂದು ಕೇಳಿದ್ದೆಯಲ್ಲ, ಅದಕ್ಕಾಗಿಯೇ ಗಿರೀಶ ಕಾರ್ನಾಡರ ‘ನಾಗಮಂಡಲ’ ನಾಟಕವನ್ನೂ ಅದರ ಬೇರಿನಲ್ಲಿರುವ ಎರಡು ಜನಪದ ಕತೆಗಳನ್ನೂ ಜೊತೆಯಲ್ಲಿಟ್ಟುಕೊಂಡು ಮತ್ತೊಮ್ಮೆ ಓದಿದೆ. ಆ ಕತೆಗಳನ್ನು ಕಾರ್ನಾಡರು ಕೇಳಿದ್ದು ಕವಿ, ಜನಪದ ಕತೆಗಳ ಸಂಗ್ರಾಹಕ ಎ.ಕೆ. ರಾಮಾನುಜನ್ ಅವರಿಂದ. ಈ ನಾಟಕವನ್ನಾಧರಿಸಿ 1997ರಲ್ಲಿ ಬಂದ ಸಿನಿಮಾ ನಿನಗೆ ಎಷ್ಟೇ ಪ್ರಿಯವಾಗಿದ್ದರೂ ಇಲ್ಲಿ ಅದರ ಮಾತು ಬೇಡ.

ಮೊದಲನೆಯ ಕತೆ ನಿನಗೆ ಗೊತ್ತಿರುವಂಥದೇ. ಸೂಳೆಯ ಮನೆ ಸೇರಿದ ಗಂಡನನ್ನು ಒಲಿಸಿಕೊಳ್ಳಲೆಂದು ಹೆಂಡತಿ ಸಿದ್ಧಪಡಿಸಿದ ಮದ್ದು ಹುತ್ತದ ಪಾಲಾಗುತ್ತದೆ. ಅದನ್ನು ಕುಡಿದ ಸರ್ಪ ಅವಳಿಗೆ ಮನಸೋತು ಗಂಡನ ರೂಪದಲ್ಲಿ ಬರುತ್ತದೆ. ಅವಳು ಬಸಿರಾದಾಗ, ಗಂಡನನ್ನೂ ಈ ಸರ್ಪವನ್ನೂ ಬಿಟ್ಟು ಬೇರೆ ಯಾರನ್ನೂ ಮುಟ್ಟಿಲ್ಲವೆಂದು ಆಣೆ ಮಾಡಿ ಗೆಲ್ಲುತ್ತಾಳೆ. ಜನಪದ ಕತೆಗೆ ಇಷ್ಟು ಸಾಕು, ಅದು ಮುಂದಕ್ಕೆ ಓಡುತ್ತದೆ. ಕಾರ್ನಾಡರು ಓಡದೆ ನಿಲ್ಲುತ್ತಾರೆ. ಹಗಲು ಊಟಕ್ಕೆ ಬಂದು ಗದರಿ ಹೋಗುವ ಗಂಡ ಅಪ್ಪಣ್ಣ, ರಾತ್ರಿ ಅದೇ ಮುಖ ಹೊತ್ತು ಬಂದು ತಲೆ ನೇವರಿಸುವುದು ಹೇಗೆಂದು ನಾಟಕದ ಹೆಂಡತಿ ರಾಣಿ ತಬ್ಬಿಬ್ಬಾಗುತ್ತಾಳೆ. ರಾತ್ರಿ ಬಂದವನ ಗಾಯದಿಂದ ಒಸರಿದ ರಕ್ತ ತಣ್ಣಗಿದೆ, ಕನ್ನಡಿಯಲ್ಲಿ ಹಾವು ಕಾಣುತ್ತದೆ. ಅವಳಿಗೆ ಗೊತ್ತಿತ್ತೇ? ಗೊತ್ತಿದ್ದೂ ಬೇಡವೆಂದುಕೊಂಡಳೇ? ಇಡೀ ನಾಟಕ ನಿಂತಿರುವುದು ಈ ಒಂದು ಅನುಮಾನದ ಮೇಲೆ ಎಂದು ನನಗನ್ನಿಸುತ್ತದೆ. ಕತೆಯಲ್ಲಿ ಸಂಕಟಪಟ್ಟು ಸಾಯುವ ಸರ್ಪ ನಾಟಕದಲ್ಲೂ ಸಾಯುತ್ತದೆ. ಆದರೆ ಅಷ್ಟಕ್ಕೆ ಸಮಾಧಾನವಾಗದೆ ಬರುವ ಇನ್ನೊಂದು ಮುಕ್ತಾಯದಲ್ಲಿ ರಾಣಿ ಅದಕ್ಕೆ ತನ್ನ ತಲೆಗೂದಲಲ್ಲೇ ಜಾಗ ಕೊಡುತ್ತಾಳೆ. ಆ ಕೂದಲ ಸಲುವಾಗಿಯಾದರೂ, ಅವಳಿಗೆ ಗೊತ್ತಿತ್ತು ಎನ್ನುವವರ ಕಡೆ ನಾನು.

ಎರಡನೆಯ ಕತೆಯಲ್ಲಿ ಒಬ್ಬ ಹೆಂಗಸಿಗೆ ಒಂದು ಕತೆ, ಒಂದು ಹಾಡು ಗೊತ್ತಿದ್ದರೂ ಅವಳು ಅವನ್ನು ಯಾರಿಗೂ ಹೇಳುವುದಿಲ್ಲ. ಅವಳ ಬಾಯಿಯಿಂದ ತಪ್ಪಿಸಿಕೊಂಡ ಕತೆ ಚಪ್ಪಲಿಯಾಗಿ ಬಾಗಿಲಾಚೆ ಕೂರುತ್ತದೆ, ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ತೂಗುಬೀಳುತ್ತದೆ. ಮನೆಗೆ ಬಂದ ಗಂಡ, ಯಾರು ಬಂದಿದ್ದರು ಎಂದು ಜಗಳ ತೆಗೆದು, ಸಿಟ್ಟಿನಿಂದ ಹನುಮಂತನ ಗುಡಿಗೆ ಹೋಗಿ ಮಲಗುತ್ತಾನೆ. ಆರಿದ ದೀಪಗಳ ಕುಡಿಗಳು ರಾತ್ರಿ ಅಲ್ಲಿ ಸೇರಿ ಹರಟುವಾಗ ಅವನಿಗೆ ನಿಜ ತಿಳಿಯುತ್ತದೆ. ನಾಟಕದ ಚೌಕಟ್ಟಿಗೆ ಕಾರ್ನಾಡರು ಈ ದೀಪಗಳನ್ನು ತೆಗೆದುಕೊಂಡರು, ಚಪ್ಪಲಿ ಕೋಟುಗಳನ್ನು ಬಿಟ್ಟರು. ಅವರಲ್ಲಿ ಕತೆ ಹೆಣ್ಣಾಗಿ, ಹಾಡು ಅವಳ ಸೀರೆಯಾಗಿ ಬರುತ್ತವೆ. ರಂಗದ ಮೇಲೆ ಅದು ಚೆಂದ, ಒಪ್ಪುತ್ತೇನೆ. ಆದರೆ ಗಂಡನಿಗೆ ಸಂಶಯ ಹುಟ್ಟಿಸಿದ ಆ ಚಪ್ಪಲಿಯ ತುಂಟತನ ಸೀರೆಗೆ ಎಲ್ಲಿಂದ ಬರಬೇಕು?

ನಿನಗೆ ಹೇಳಬೇಕೆಂದಿದ್ದುದು ಇಲ್ಲಿದೆ. ಕಾರ್ನಾಡರು ಮುಟ್ಟದೆ ಬಿಟ್ಟ ಆ ಕತೆಯ ಕೊನೆಯಲ್ಲಿ ಗಂಡ ಮನೆಗೆ ಮರಳಿ, ಆ ಕತೆ ಯಾವುದು, ಹಾಡು ಯಾವುದು ಎಂದು ಕೇಳುತ್ತಾನೆ. ಅಷ್ಟರಲ್ಲಿ ಅವಳಿಗೆ ಎರಡೂ ಮರೆತುಹೋಗಿವೆ. ಯಾವ ಕತೆ, ಯಾವ ಹಾಡು ಎಂದು ಅವಳೇ ಅವನನ್ನು ಕೇಳುತ್ತಾಳೆ. ನೀನು ಅಲ್ಲಿಂದ ಹಿಡಿ. ಅನುಮಾನ ಪಟ್ಟದ್ದಕ್ಕೆ ನಾಚಿಕೊಂಡ ಗಂಡ, ಏನನ್ನು ಕಳೆದುಕೊಂಡೆನೆಂಬುದೇ ತಿಳಿಯದ ಹೆಂಡತಿ. ಆ ದಿನ ಅವರಿಬ್ಬರೂ ಒಂದೇ ಮನೆಯಲ್ಲಿ ಏನು ಮಾತಾಡಿಕೊಂಡರು? ಮೊದಲ ಹತ್ತು ಪುಟವಾದರೂ ಬರೆದು ಕಳಿಸು.

ನಿನ್ನ ಗೆಳೆಯ