ಹತ್ತಿ ಬೆಳೆಯುವ ಜಿಲ್ಲೆಯಲ್ಲಿ ಹೆಣಿಗೆಗೆ ಹತ್ತಿ ನೂಲೇ ಸಿಗಲ್ಲ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ ಕೈಹೆಣಿಗೆ ಬಗ್ಗೆ ಒಂದು ಪುಟ ಹಾಕಿದ್ದಿರಿ. ಖುಷಿಯಾಯಿತು. ಆದರೆ ಅದರಲ್ಲಿ ಇದ್ದದ್ದೆಲ್ಲ ಸ್ವೆಟರ್, ಮಫ್ಲರ್, ಉಲನ್ ಕಾಲುಚೀಲ. ಬರೆದವರು ಯಾವುದೋ ತಂಪು ಊರಿನವರು ಇರಬೇಕು, ತಪ್ಪೇನಿಲ್ಲ. ನಾನು ಇರುವುದು ರಾಯಚೂರಿನಲ್ಲಿ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಯಿತು ಅಂದರೆ ಮತ್ತೆ ಅದರ ಮುಖ ಕಾಣುವುದು ದೀಪಾವಳಿ ಕಳೆದ ಮೇಲೆಯೇ, ಅದೂ ಬೆಳಗಿನ ಜಾವ ಸ್ವಲ್ಪ ಹೊತ್ತು. ಹಾಗಂತ ಇಲ್ಲಿನ ಹೆಂಗಸರು ಸೂಜಿ, ಕಡ್ಡಿ ಹಿಡಿಯುವುದಿಲ್ಲ ಅಂತಲ್ಲ. ಹಿಡಿಯುತ್ತೇವೆ, ಜಾಸ್ತಿಯೇ ಹಿಡಿಯುತ್ತೇವೆ. ನಮಗೆ ಬೇಕಾದ ನೂಲು ಮಾತ್ರ ಸಿಗಲ್ಲ. ಅದನ್ನು ಹೇಳೋಣ ಅಂತಲೇ ಈ ಪತ್ರ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಸಂಜೆ ಶಾಲೆ ಮುಗಿದು ಪೇಪರ್ ತಿದ್ದುವುದೂ ಮುಗಿದ ಮೇಲೆ ಕೈಗೆ ಏನಾದರೂ ಕೆಲಸ ಬೇಕು, ಇಲ್ಲದಿದ್ದರೆ ಮೊಬೈಲ್ ಹಿಡಿಯುತ್ತೆ. ಈ ಸಲ ಶಿವರಾತ್ರಿಯಿಂದ ಯುಗಾದಿವರೆಗೆ ಒಂದು ತಿಂಗಳು ಪೂರ್ತಿ ಇದರಲ್ಲೇ ಕಳೆದೆ. ತಂಗಿ ಮಗಳಿಗೆ ಕೂಸು ಹುಟ್ಟಿತ್ತು, ಅದೇ ನೆಪ.

ಮೊದಲ ಕೆಲಸ ಕೌದಿ. ಕೂಸಿಗೆ ಅಂಗಡಿಯಿಂದ ಹಾಸಿಗೆ ತಂದರೆ ನಮ್ಮ ಮನೆಯಲ್ಲಿ ಯಾರೂ ಒಪ್ಪಲ್ಲ. ಹಿಂದಿನ ಓಣಿಯಲ್ಲಿ ಕೂಲಿಗೆ ಕೌದಿ ಹೊಲಿದುಕೊಡುವ ಒಬ್ಬ ಅಜ್ಜಿ ಇದ್ದಾರೆ. ಕಲಿಯುತ್ತೇನೆ ಅಂದರೆ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ಹಳೆ ಬಟ್ಟೆಯ ಗಂಟನ್ನು ಅವರ ಮುಂದೆ ಬಿಚ್ಚಿದೆ. ಒಂದೊಂದನ್ನೇ ಎತ್ತಿ ಎರಡು ಬೆರಳ ನಡುವೆ ಉಜ್ಜಿ ನೋಡಿ ಎರಡು ಗುಡ್ಡೆ ಮಾಡಿದರು. ಅಪ್ಪನ ಧೋತರ, ಅವ್ವನ ನೂಲಿನ ಸೀರೆ, ತೊಳೆದು ತೊಳೆದು ಮೆತ್ತಗಾಗಿದ್ದ ಲುಂಗಿ ಈ ಕಡೆ. ನಾನು ಆಸೆಪಟ್ಟು ಆರಿಸಿ ತಂದಿದ್ದ ಹೂವಿನ ಸೀರೆಗಳೆಲ್ಲ ಆ ಕಡೆ.

"ಇದು ಪಾಲಿಸ್ಟರ್ ಐತಿ, ತಗದಿಡವ್ವ. ಪದರ ಜಾರತಾವ. ಕೂಸು ಉಚ್ಚಿ ಹೊಯ್ದರ ಇದು ಕುಡಿಯಂಗಿಲ್ಲ, ಕೆಳಗ ಹರೀತೈತಿ" ಅಂದರು.

ನೆಲ ಗುಡಿಸಿ, ಕೆಳಗಿನ ಪದರಕ್ಕೆ ಲುಂಗಿ ಹಾಸಿ, ನಾಲ್ಕು ಮೂಲೆಗೂ ಗುಂಡುಕಲ್ಲು ಇಟ್ಟರು. ಅಂಗೈಯಲ್ಲಿ ನಡುವಿನಿಂದ ಹೊರಗೆ ಸವರಿ ಸವರಿ ಸುಕ್ಕು ತೆಗೆದರು. ಅದರ ಮೇಲೆ ಧೋತರ ಎರಡು ಮಡಿಕೆ, ಮೇಲೆ ಸೀರೆ. ಮೊದಲು ಉದ್ದುದ್ದ ಟಾಕು ಹಾಕಿ ಪದರಗಳನ್ನು ಹಿಡಿದು ನಿಲ್ಲಿಸುವುದು. ಆಮೇಲೆ ಅಂಚಿನಿಂದ ಶುರು ಮಾಡಿ ಸುತ್ತು ಹಾಕುತ್ತಾ ನಡುವಿಗೆ ಬರುವುದು. ಎಡಗೈ ಬಟ್ಟೆಯ ಕೆಳಗೇ ಇರುತ್ತೆ, ಸೂಜಿಯ ಮೊನೆ ಬೆರಳಿಗೆ ತಾಗಿದ ಕೂಡಲೇ ಮೇಲಕ್ಕೆ ತಿರುಗಿಸಬೇಕು. ಅಜ್ಜಿಯ ಎಡಗೈ ತೋರುಬೆರಳ ತುದಿ ಹಾಗಾಗಿಯೇ ಗಟ್ಟಿಯಾಗಿ ಹೋಗಿದೆ. ಒಂದು ಸಾಲಿಗೂ ಮುಂದಿನ ಸಾಲಿಗೂ ಒಂದು ಬೆರಳು ಅಂತರ. ಸ್ಕೇಲ್ ಇಲ್ಲ, ಚಾಕ್ ಇಲ್ಲ. ಸಾಲು ಮಾತ್ರ ನಾನು ಬೋರ್ಡಿನ ಮೇಲೆ ಎಳೆಯುವ ಗೆರೆಗಿಂತ ನೇರ. ನಡುವಿನ ಚೌಕಕ್ಕೆ ಮನೆಯಲ್ಲಿ ಉಳಿದಿದ್ದ ಗುಳೇದಗುಡ್ಡ ಖಣದ ತುಂಡು ಕೊಟ್ಟೆ, ಅದಕ್ಕೆ ಮಾತ್ರ ಅಜ್ಜಿ ತಕರಾರು ಮಾಡದೆ ಒಪ್ಪಿದರು. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿಯೂ ಹೀಗೆಯೇ ಅಂಚಿನಿಂದ ನಡುವಿಗೆ ಬರುತ್ತೆ. ಅವರು ಮೂಲೆಗಳಿಗೆ ಬಟ್ಟೆ ಮಡಿಚಿ ಹೂವಿನ ಥರ ಕೂಡಿಸುತ್ತಾರೆ, ಅದಿಲ್ಲದಿದ್ದರೆ ಕವಂದಿ ಮುಗಿದಂತೆಯೇ ಅಲ್ಲ. ಅಜ್ಜಿಗೆ ಮೊಬೈಲಿನಲ್ಲಿ ಅದರ ಫೋಟೊ ತೋರಿಸಿದೆ. ದೂರದಿಂದ ನೋಡಿದರು, ಹತ್ತಿರದಿಂದ ನೋಡಿದರು, "ಟಾಕು ಸ್ವಲ್ಪ ದೊಡ್ಡದೈತಿ" ಅಂದು ಫೋನ್ ವಾಪಸ್ ಕೊಟ್ಟರು.

ಕೌದಿಗೆ ನೂಲು ಕೊಳ್ಳಬೇಕಾಗಿರಲಿಲ್ಲ, ಹಳೆ ಬಟ್ಟೆಯೇ ಸಾಕು. ತೊಂದರೆ ಶುರುವಾದದ್ದು ಕುಲಾವಿ ಹೆಣೆಯಲು ಕೂತಾಗ.

ತೀನ್ ಕಂದೀಲ್ ಸುತ್ತಮುತ್ತ ದಾರ, ಲೇಸು, ಗುಂಡಿ ಮಾರುವ ಅಂಗಡಿಗಳಿವೆ. ಒಂದೂ ಬಿಡದೆ ಕೇಳಿದೆ. ಹತ್ತಿಯ ಹೆಣಿಗೆ ನೂಲು ಇದೆಯಾ ಅಂದರೆ ಎಲ್ಲ ಕಡೆ ಒಂದೇ ಉತ್ತರ: "ಉಲನ್ ಐತ್ರೀ ಮೇಡಂ, ಯಾವ ಬಣ್ಣ ಬೇಕು?" ಆ ಉಲನ್ ಕುರಿಯಿಂದ ಬಂದದ್ದಲ್ಲ, ಪೆಟ್ರೋಲಿಯಂನಿಂದ ಬಂದ ಅಕ್ರಿಲಿಕ್. ಅದರ ಮೇಲೆ ನನಗೇನೂ ದ್ವೇಷವಿಲ್ಲ. ಅಗ್ಗ, ಬಣ್ಣ ಹೋಗಲ್ಲ, ಮೆತ್ತಗಿರುತ್ತೆ, ಕಡ್ಡಿ ಮೇಲೆ ಸಲೀಸಾಗಿ ಓಡುತ್ತೆ. ಆದರೆ ಬೆವರಿಗೆ ಅದು ಉಪಯೋಗವಿಲ್ಲ. ಪಠ್ಯಪುಸ್ತಕದ ಲೆಕ್ಕದ ಪ್ರಕಾರ ಹತ್ತಿ ಗಾಳಿಯ ತೇವವನ್ನು ತನ್ನ ತೂಕದ ಶೇ 8ರಷ್ಟು ಹಿಡಿದಿಟ್ಟುಕೊಳ್ಳುತ್ತೆ, ಉಣ್ಣೆ ಅದರ ಎರಡರಷ್ಟು. ಅಕ್ರಿಲಿಕ್ ಶೇ 2ನ್ನೂ ದಾಟಲ್ಲ. ಮಾರ್ಚ್ ತಿಂಗಳ ರಾಯಚೂರಿನಲ್ಲಿ ಕೂಸಿನ ತಲೆಗೆ ಅಂಥದ್ದು ಹಾಕಿದರೆ ಏನಾಗುತ್ತೆ? ಹಣೆ ತುಂಬ ಬೆವರುಸಾಲೆ. ಸಿಕ್ಕಿದ್ದರಲ್ಲೇ ಒಂದು ಗುಲಾಬಿ ಕುಲಾವಿ ಹೆಣೆದುಕೊಟ್ಟೆ. ತಂಗಿ ಫೋಟೊ ತೆಗೆಯುವಷ್ಟು ಹೊತ್ತು ಹಾಕಿ, ತೆಗೆದು, ಸೆರಗಿನಿಂದ ಕೂಸಿನ ತಲೆ ಒರೆಸಿದಳು.

ಇನ್ನೊಂದು ವಿಷಯ, ಇದು ಕ್ರೋಶಾ, ಅಂದರೆ ಒಂದೇ ಕೊಕ್ಕೆ ಕಡ್ಡಿಯ ಹೆಣಿಗೆ, ಕಲಿಯುತ್ತಿರುವ ಹುಡುಗಿಯರಿಗೆ. ಬಿಸಿ ಪಾತ್ರೆ ಹಿಡಿಯುವ ಮಸಿಅರಿವೆ, ಪಾತ್ರೆ ಇಡುವ ಮ್ಯಾಟು, ಇವನ್ನು ದಯವಿಟ್ಟು ಅಕ್ರಿಲಿಕ್‌ನಲ್ಲಿ ಹಾಕಬೇಡಿ. ಬಿಸಿಗೆ ಅದು ಕರಗಿ ಕೈಗೆ ಅಂಟುತ್ತೆ. ಯೂಟ್ಯೂಬ್‌ನಲ್ಲಿ ಚೆಂದ ಕಾಣುತ್ತೆ ಅಂತ ಗ್ಯಾಸ್ ಒಲೆ ಪಕ್ಕ ಅದನ್ನು ಇಟ್ಟುಕೊಂಡಿರುವ ಮನೆಗಳನ್ನು ನೋಡಿದ್ದೇನೆ, ಭಯವಾಗುತ್ತೆ.

ನೂಲು ಸಿಗದೆ ಕೊನೆಗೆ ಹೂ ಮಾರುವವರ ಹತ್ತಿರ ಹೋದೆ. ಹೂ ಕಟ್ಟುವ ಬಿಳಿ ದಾರದ ಉಂಡೆ, ಅದು ಹತ್ತಿಯದೇ. ಎರಡು ಎಳೆ ಸೇರಿಸಿ ಕ್ರೋಶಾ ಕಡ್ಡಿಯಲ್ಲಿ ಸಂತೆ ಚೀಲ ಹಾಕಿದೆ. ತಳ ಬಿಗಿ, ಮೇಲೆ ಸರಪಳಿ ಹಾಕುತ್ತಾ ಹೋಗುವ ಬಲೆ. ದಾರ ಒರಟು, ಬೆರಳು ಉರಿಯುತ್ತೆ, ರಾತ್ರಿ ಕೊಬ್ಬರಿಎಣ್ಣೆ ಹಚ್ಚಿಕೊಂಡು ಮಲಗಬೇಕು. ಆದರೆ ಚೀಲ ಗಟ್ಟಿ. ಈರುಳ್ಳಿ ತುಂಬಿಸಿದರೆ ಬಲೆ ಜಗ್ಗಿ ಮೊಣಕಾಲಿಗೆ ಬರುತ್ತೆ, ಅಷ್ಟೇ ದೋಷ. ಸಂತೆಯಲ್ಲಿ ತರಕಾರಿಯವಳು ಇದನ್ನು ನೋಡಿ ಎಷ್ಟಕ್ಕೆ ಕೊಡುತ್ತೀರಿ ಅಂದಳು. ನಾನು ಹೇಳಿದ ರೇಟು ಕೇಳಿ ನಕ್ಕಳು. ಅವಳ ನಗುವಿನಲ್ಲೂ ನ್ಯಾಯವಿದೆ ಬಿಡಿ. ಆದರೆ ಒಂದು ಮಾತು ಹಲವರಿಗೆ ಗೊತ್ತಿಲ್ಲ: ಸ್ವೆಟರಿನ ಹೆಣಿಗೆಯನ್ನು ಮಷೀನ್ ಹಾಕುತ್ತೆ, ಕ್ರೋಶಾ ಹಾಕುವ ಮಷೀನ್ ಇನ್ನೂ ಅಂಗಡಿ ಮಾಲಿನ ಮಟ್ಟಕ್ಕೆ ಬಂದಿಲ್ಲ. ಮಾಲ್‌ಗಳಲ್ಲಿ ನಿಜವಾದ ಕ್ರೋಶಾ ಕುರ್ತಾ ಅಗ್ಗಕ್ಕೆ ಸಿಕ್ಕಿತು ಅಂದರೆ ಯಾವುದೋ ಊರಿನ ಹೆಣ್ಣುಮಗಳ ಕೂಲಿ ಅಗ್ಗವಾಗಿದೆ ಅಂತಲೇ ಅರ್ಥ.

ಈಗ ಮುಖ್ಯ ವಿಷಯ. ಹತ್ತಿ ಸೀಜನ್‌ನಲ್ಲಿ ನಮ್ಮ ರಾಜೇಂದ್ರ ಗಂಜ್ ಕಡೆ ಒಮ್ಮೆ ಬಂದು ನೋಡಿ. ಮಾನ್ವಿ, ದೇವದುರ್ಗ, ಸಿರವಾರ, ಆ ಕಡೆ ತೆಲಂಗಾಣದಿಂದಲೂ ಹತ್ತಿ ತುಂಬಿದ ಗಾಡಿಗಳ ಸಾಲು. ರಸ್ತೆ ಬದಿಯ ಜಾಲಿ ಗಿಡಗಳಿಗೆಲ್ಲ ಹತ್ತಿ ಅಂಟಿಕೊಂಡಿರುತ್ತೆ. ಇಲ್ಲಿನ ಜಿನ್ನಿಂಗ್ ಮಿಲ್ಲುಗಳಲ್ಲಿ ಬೀಜ ತೆಗೆದು ಬೇಲ್ ಕಟ್ಟುತ್ತಾರೆ. ಹೆಚ್ಚಿನದು ತಮಿಳುನಾಡು ಮತ್ತಿತರ ಕಡೆಯ ನೂಲಿನ ಗಿರಣಿಗೆ ಹೋಗುತ್ತೆ. ಅಲ್ಲಿ ನೂಲಾಗಿ, ಹುರಿಯಾಗಿ, ಚೆಂದದ ಲೇಬಲ್ ಹಚ್ಚಿಸಿಕೊಂಡು ಆನ್‌ಲೈನ್‌ನಲ್ಲಿ ನಮ್ಮ ಮನೆಗೆ ವಾಪಸ್ ಬರುತ್ತೆ, ಕೊರಿಯರ್ ಖರ್ಚು ಬೇರೆ. ಬಣ್ಣ ಮೊಬೈಲಿನಲ್ಲಿ ಒಂದು, ಕೈಗೆ ಬಂದಾಗ ಇನ್ನೊಂದು. ಮುಟ್ಟಿ ನೋಡಿ ಕೊಳ್ಳುವ ಸಾಮಾನನ್ನು ಫೋಟೊ ನೋಡಿ ಕೊಳ್ಳಬೇಕು ಅಂದರೆ ಹೇಗೆ?

ಸುಮ್ನೆ ಒಂದು ಲೆಕ್ಕ ಹಾಕಿದೆ, ಅಭ್ಯಾಸಬಲ. ಒಂದು ಬೇಲ್ ಹತ್ತಿ 170 ಕೆಜಿ. ಕೂಸಿನ ಒಂದು ಕುಲಾವಿಗೆ ಹೆಚ್ಚೆಂದರೆ 40 ಗ್ರಾಂ ನೂಲು. ಗಿರಣಿಯಲ್ಲಿ ವೇಸ್ಟ್ ಹೋಗುವುದನ್ನು ಧಾರಾಳವಾಗಿ ಕಳೆದರೂ ಒಂದೇ ಬೇಲಿನಲ್ಲಿ ಮೂರು ಸಾವಿರಕ್ಕೂ ಜಾಸ್ತಿ ಕುಲಾವಿ ಆಗುತ್ತೆ. ನಮಗೆ ವರ್ಷಕ್ಕೆ ನಾಲ್ಕಾರು ಬೇಲ್ ನೂಲು ಉಳಿದರೆ ಜಿಲ್ಲೆಯ ಹೆಣಿಗೆಯವರೆಲ್ಲ ಹಬ್ಬ ಮಾಡುತ್ತೇವೆ.

ಇದಕ್ಕೆ ದೊಡ್ಡ ಗಿರಣಿಯೇ ಬೇಕು ಅಂತಲೂ ನಾನು ಹೇಳುತ್ತಿಲ್ಲ. ಮಗ್ಗದ ನೂಲು ನಮ್ಮ ಕಡೆ ಬರುತ್ತಲೇ ಇದೆ. ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರದು ಕೊಪ್ಪಳದ ಪಕ್ಕದ ಭಾಗ್ಯನಗರ, ಮಗ್ಗದ ಮನೆಯವರು. ಊರಿಗೆ ಹೋದಾಗ ನನಗಾಗಿ 20 ಕೌಂಟಿನ ಒಂದು ಕೋನ್ ತಂದುಕೊಟ್ಟರು. ಕೌಂಟ್ ಅಂದರೆ ಇಷ್ಟೇ: 840 ಗಜದ ಒಂದು ಲಡಿ, ಅಂಥ ಎಷ್ಟು ಲಡಿ ಸೇರಿದರೆ ಒಂದು ಪೌಂಡ್ ತೂಗುತ್ತೋ ಅಷ್ಟು ಕೌಂಟ್. ನಂಬರ್ ಹೆಚ್ಚಾದಷ್ಟೂ ನೂಲು ಸಣ್ಣ. 20 ಕೌಂಟ್ ಅಂದರೆ ಪೌಂಡಿಗೆ 16,800 ಗಜ. ಒಂಟಿ ಎಳೆ ಕಡ್ಡಿಗೆ ಬರಲ್ಲ, ಕಣ್ಣಿಗೂ ಸರಿಯಾಗಿ ಕಾಣಲ್ಲ. ಎಂಟು ಎಳೆ ಸೇರಿಸಿದರೆ 100 ಗ್ರಾಂಗೆ ಸುಮಾರು 400 ಮೀಟರ್ ಬರುತ್ತೆ, ಕುಲಾವಿಗೆ ಹೇಳಿ ಮಾಡಿಸಿದ ದಪ್ಪ. ಹದಿನಾರು ಎಳೆ ಸೇರಿಸಿದರೆ ಚೀಲಕ್ಕೆ, ಮ್ಯಾಟಿಗೆ ಸರಿ. ಆದರೆ ಎಳೆಗಳನ್ನು ಸುಮ್ನೆ ಜೊತೆಗೆ ಹಿಡಿದು ಹೆಣೆಯಲು ಹೋದರೆ ಕಡ್ಡಿಯ ಮೂತಿ ಎಳೆಗಳ ನಡುವೆ ಹೊಕ್ಕು ಸೀಳಿಬಿಡುತ್ತೆ, ಒಂದೆರಡು ಎಳೆ ಹೊರಗೆ ಉಳಿದು ಸಾಲು ಕೆಡುತ್ತೆ. ಹುರಿ ಹಾಕಲೇಬೇಕು. ಎಳೆ ಸೇರಿಸಿ ಹುರಿ ಹಾಕುವ ಒಂದು ಸಣ್ಣ ಮಷೀನು, ಲಡಿ ಸುತ್ತುವ ಒಂದು ರಾಟೆ, ನಾಲ್ಕು ಜನ ಹೆಂಗಸರು, ಒಂದು ಕೋಣೆ. ಇದಿಷ್ಟೇ ನಾನು ಕೇಳುತ್ತಿರುವುದು. ಜಿಲ್ಲೆಯಲ್ಲಿ ಇಷ್ಟೊಂದು ಸ್ವಸಹಾಯ ಸಂಘಗಳಿವೆ, ಸಾಲ ಕೊಟ್ಟು ಉಪ್ಪಿನಕಾಯಿ, ಹಪ್ಪಳ, ರೊಟ್ಟಿ ಮಾಡಿ ಅನ್ನುತ್ತಾರೆ. ನೂಲಿನ ಹುರಿ ಯಾಕೆ ಆಗಬಾರದು?

ಆಗಲ್ಲ ಅನ್ನುವವರಿಗೆ ನಮ್ಮ ಪಕ್ಕದ ಸಂಡೂರನ್ನು ತೋರಿಸುತ್ತೇನೆ. ಲಂಬಾಣಿ ಹೆಣ್ಣುಮಕ್ಕಳ ಕಸೂತಿಗೆ ಅಲ್ಲಿ ಕುಶಲ ಕಲಾ ಕೇಂದ್ರ ಇದೆ, ಜಿಐ ಟ್ಯಾಗ್ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ 1,755 ಲಂಬಾಣಿ ಕಸೂತಿ ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆಯೂ ಆಯಿತು. ಬಟ್ಟೆ, ದಾರ, ಬಣ್ಣ ಒಂದೇ ಕಡೆ ಸಿಗುವ ವ್ಯವಸ್ಥೆ ಇದ್ದದ್ದರಿಂದ ತಾನೇ ಅಷ್ಟು ಕೈಗಳು ಒಟ್ಟಿಗೆ ಕೆಲಸ ಮಾಡಿದ್ದು? ನಮಗೆ ದಾಖಲೆ ಬೇಡ. ನೂಲು ಸಿಕ್ಕರೆ ಸಾಕು.

ಇನ್ನು ಕುರಿ ಉಣ್ಣೆ ಇದೆಯಲ್ಲ ಅಂತ ಯಾರಾದರೂ ಕೇಳಬಹುದು. ನಮ್ಮ ಕಡೆಯ ಡೆಕ್ಕನಿ ಕುರಿಯ ಕರಿ ಉಣ್ಣೆ ಕಂಬಳಿಗೆ ಎತ್ತಿದ ಕೈ, ಮಳೆಗೂ ಜಗ್ಗಲ್ಲ, ಆದರೆ ಕೂಸಿನ ಕೆನ್ನೆಗೆ ಚುಚ್ಚುತ್ತೆ.

ಭಾಗ್ಯನಗರದ ಆ ಕೋನಿನ ನೂಲನ್ನು ಕೌದಿ ಅಜ್ಜಿಯ ಹತ್ತಿರವೇ ತೆಗೆದುಕೊಂಡು ಹೋದೆ. ತೊಡೆಯ ಮೇಲೆ ಉಜ್ಜಿ ಉಜ್ಜಿ ಒಂದು ಕುಲಾವಿಗಾಗುವಷ್ಟು ಹುರಿ ಹಾಕಿಕೊಟ್ಟರು. ಹತ್ತಿ ನೂಲು ಉಣ್ಣೆಯ ಹಾಗೆ ಹಿಗ್ಗಿ ಕುಗ್ಗಲ್ಲ, ಅಂಚಿನ ಪಟ್ಟಿ ಸಡಿಲಾಗುತ್ತೆ. ಅದಕ್ಕೆ ಪಟ್ಟಿಯನ್ನು ಒಂದು ನಂಬರ್ ಸಣ್ಣ ಕಡ್ಡಿಯಲ್ಲಿ ಒಂದು ಸೀದಾ, ಒಂದು ಉಲ್ಟಾ ಹಾಕುತ್ತಾ ಬಿಗಿಯಾಗಿ ಹೆಣೆದೆ. ಮೇಲೆ ಸಣ್ಣ ಸಣ್ಣ ತೂತು ಬರುವ ಹಾಗೆ ಜಾಳಿಗೆ ಹಾಕಿದೆ, ಗಾಳಿ ಆಡಲಿ ಅಂತ. ಬಿಳಿ ಕುಲಾವಿ, ಕೆಳಗೆ ಖಣದ ಪಟ್ಟಿಯ ಲಾಡಿ. ಯುಗಾದಿ ದಿನ ಕೂಸು ಅದನ್ನು ಹಾಕಿಕೊಂಡು ಬೇವು-ಬೆಲ್ಲ ಹಂಚುವವರೆಗೂ ಮಲಗಿತ್ತು. ತಂಗಿಯ ಬೀಗರು ಬಂದವರು ಇನ್ನೂ ಎರಡು ಬೇಕು ಅಂದಿದ್ದಾರೆ. ಅಜ್ಜಿಯ ತೊಡೆ ನೋಯುತ್ತೆ, ಇನ್ನೆರಡಕ್ಕೆ ಹುರಿ ಹಾಕಿಕೊಡಿ ಅಂತ ಕೇಳಲು ನನಗೆ ಮನಸ್ಸಿಲ್ಲ.

ಸಂಪಾದಕರೇ, ನಿಮ್ಮ ಪುರವಣಿಯಲ್ಲಿ ಮುಂದಿನ ಸಲ ಹೆಣಿಗೆ ಪುಟ ಹಾಕುವಾಗ ಹತ್ತಿ ನೂಲಿನ ನಮೂನೆ ಒಂದಾದರೂ ಕೊಡಿ, ಯಾವ ದಪ್ಪದ ನೂಲು ಅಂತಲೂ ಬರೆಯಿರಿ. ಕುಲಾವಿಯದು ಸಾಲು ಸಾಲಾಗಿ ಬರೆದಿಟ್ಟಿದ್ದೇನೆ, ಬೇಕೆಂದರೆ ಕಳಿಸುತ್ತೇನೆ. ಹಾಗೆಯೇ ಊರಿನ ಅಂಗಡಿಯವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಮೊದಲಿಗೆ ಒಂದೈದು ಕೆಜಿ ತರಿಸಿ ನೋಡಿ. ಬಣ್ಣ ಬೇಡ, ಬಿಳಿ ಸಾಕು, ಎಂಟು ಎಳೆಯದು. ಮೇ ತಿಂಗಳ ರಜೆಯಲ್ಲಿ ನಮ್ಮ ಓಣಿಯವರೇ ಖಾಲಿ ಮಾಡುತ್ತೇವೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು,
ರಾಯಚೂರು